ಒಂದೇ ಚೌಕದ ಕಾರ್ಟೂನ್ ಓದುವ ಬಗೆ

ಪೇಪರಿನಲ್ಲಿ ದಿನಾ ಬರುವ ಒಂದೇ ಚೌಕದ ಕಾರ್ಟೂನ್ ನೋಡಲು ಎರಡು ಸೆಕೆಂಡು ಸಾಕು. ಹೆಚ್ಚಿನವರು ಅಷ್ಟೇ ಕೊಡುತ್ತಾರೆ. ನಕ್ಕು ಪುಟ ತಿರುಗಿಸುತ್ತಾರೆ. ನನಗೆ ಈ ಚೌಕಗಳ ಮೇಲೆ ಬಹಳ ಪ್ರೀತಿ. ಅದಕ್ಕೇ ಹೇಳುತ್ತಿದ್ದೇನೆ, ಇನ್ನೂ ಒಂದೆರಡು ನಿಮಿಷ ಅಲ್ಲೇ ಇದ್ದು ನೋಡಿ. ನಗು ಎಲ್ಲಿಂದ ಬಂತು ಅಂತ ಹುಡುಕಿದರೆ ನಗುವೇ ಹೋಗಿಬಿಡುತ್ತದೆ ಎಂಬ ಭಯ ಕೆಲವರಿಗಿದೆ. ಒಳ್ಳೆಯ ಕಾರ್ಟೂನಿನಲ್ಲಿ ಹಾಗಾಗುವುದಿಲ್ಲ. ಎರಡನೇ ಸಲ ನೋಡಿದಾಗ ಮೊದಲ ಸಲಕ್ಕಿಂತ ಜಾಸ್ತಿ ನಗು ಬರುತ್ತದೆ.

ಮೂರು ನಾಲ್ಕು ಚೌಕಗಳ ಕಾಮಿಕ್ಸ್ ಬರೆಯುವವರಿಗೆ ಸಮಯ ಇರುತ್ತದೆ. ಮೊದಲ ಚೌಕದಲ್ಲಿ ವಿಷಯ ಎತ್ತಿ, ನಡುವೆ ಬೆಳೆಸಿ, ಕೊನೆಯದರಲ್ಲಿ ತಿರುವು ಕೊಡಬಹುದು. ಒಂದೇ ಚೌಕ ಬರೆಯುವವರಿಗೆ ಸಿಗುವುದು ಒಂದೇ ಕ್ಷಣ. ಅದಕ್ಕೆ ಮೊದಲು ಏನಾಯಿತು, ಆಮೇಲೆ ಏನಾಗುತ್ತದೆ ಎಂಬುದನ್ನು ನೋಡುವವರೇ ತುಂಬಿಕೊಳ್ಳಬೇಕು. ಅಂದರೆ ಕಾಗದದ ಮೇಲೆ ಇರುವುದು ಅರ್ಧ ಜೋಕು. ಉಳಿದರ್ಧ ನಡೆಯುವುದು ನಿಮ್ಮ ತಲೆಯಲ್ಲಿ. ಇಲ್ಲಿ ಹೇಳುವ ಹಂತಗಳೆಲ್ಲ ಆ ಉಳಿದರ್ಧವನ್ನು ಹಿಡಿಯುವುದಕ್ಕೆ.

ಇವತ್ತಿನ ಪೇಪರ್, ಒಂದು ಸಣ್ಣ ಚೀಟಿ, ಒಂದು ಪೆನ್ಸಿಲ್ ಇಟ್ಟುಕೊಳ್ಳಿ. ಅಷ್ಟು ಸಾಕು.

1. ಮಾತನ್ನು ಮುಚ್ಚಿ, ಚಿತ್ರ ನೋಡಿ

ಚಿತ್ರದ ಕೆಳಗಿನ ಅಡಿಬರಹವನ್ನು ಚೀಟಿಯಿಂದ ಮುಚ್ಚಿ. ಮಾತು ಬಲೂನಿನೊಳಗೆ ಇದ್ದರೆ ಅದನ್ನೂ ಮುಚ್ಚಿ. ಅಕ್ಷರ ಕಂಡ ಕಡೆ ಕಣ್ಣು ಮೊದಲು ಓಡುತ್ತದೆ. ಒಮ್ಮೆ ಓದಿಬಿಟ್ಟರೆ ಚಿತ್ರವನ್ನು ಸುಮ್ನೆ ಸವರಿಕೊಂಡು ಹೋಗುತ್ತೇವೆ. ಚಿತ್ರದಲ್ಲಿ ಇಟ್ಟ ಸುಳಿವು ಅಲ್ಲೇ ಉಳಿದುಬಿಡುತ್ತದೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಇದು ಯಾವ ಪೇಪರಿನಲ್ಲೂ ಬಂದದ್ದಲ್ಲ, ಈ ಲೇಖನಕ್ಕಾಗಿ ನಾನು ಮಾಡಿಕೊಂಡದ್ದು. ಒಂದು ಸರ್ಕಾರಿ ಕಚೇರಿ. ಮೇಜಿನ ಮೇಲೆ ಫೈಲುಗಳ ರಾಶಿ. ಗುಮಾಸ್ತನ ಮುಖ ಅರಳಿದೆ, ಕೈಯಲ್ಲಿ ಒಂದು ಕಾಗದ ಹಿಡಿದಿದ್ದಾನೆ. ಎದುರಿಗೆ ಒಬ್ಬ ನಡುವಯಸ್ಸಿನವನು ನಿಂತಿದ್ದಾನೆ. ಅವನ ತಲೆ ಬೋಳಿಸಿದೆ, ಹಿಂದೆ ಸಣ್ಣ ಜುಟ್ಟು ಬಿಟ್ಟಿದೆ.

ಈಗ ಚೀಟಿ ತೆಗೆಯಿರಿ. ಗುಮಾಸ್ತ ಹೇಳುತ್ತಿದ್ದಾನೆ: ‘ನಿಮ್ಮ ತಂದೆಯವರ ವೃದ್ಧಾಪ್ಯ ವೇತನ ಮಂಜೂರಾಗಿದೆ. ಸಹಿ ಹಾಕೋಕೆ ಅವರನ್ನೇ ಕರ್ಕೊಂಡು ಬನ್ನಿ.’

ಅಪ್ಪ ತೀರಿಕೊಂಡರು ಎಂದು ಯಾರೂ ಹೇಳಿಲ್ಲ. ಅದನ್ನು ಹೇಳಿದ್ದು ಆ ಬೋಳು ತಲೆ. ನಮ್ಮ ಕಡೆಯವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಅಡಿಬರಹ ಮಾತ್ರ ಓದಿದವರಿಗೆ ಇದೊಂದು ಸಾಮಾನ್ಯ ಸೂಚನೆ. ಚಿತ್ರ ಮಾತ್ರ ನೋಡಿದವರಿಗೆ ಇದೊಂದು ಸಾಮಾನ್ಯ ಕಚೇರಿ. ಎರಡೂ ಸೇರಿದಾಗ ಒಳಗೆ ಏನೋ ‘ಟಕ್’ ಅನ್ನುತ್ತದಲ್ಲ, ಹಾಸ್ಯ ಇರುವುದು ಅಲ್ಲೇ.

ಅಡಿಬರಹದಲ್ಲೇ ‘ಅಪ್ಪ ಸತ್ತ ಮೇಲೆ ಪಿಂಚಣಿ ಬಂತು’ ಎಂದು ಬರೆದಿದ್ದರೆ? ವಿಷಯ ಅದೇ, ಸಿಟ್ಟೂ ಅದೇ. ಆದರೆ ನಮಗೆ ಮಾಡಲು ಕೆಲಸ ಉಳಿಯುತ್ತಿರಲಿಲ್ಲ. ಬಂಡೆಯ ಮೇಲೆ ‘ಬೆಲೆ ಏರಿಕೆ’, ಅದರಡಿ ಸಿಕ್ಕವನ ಬೆನ್ನ ಮೇಲೆ ‘ಜನತೆ’ ಎಂದು ಬರೆದಿಡುವ ಕಾರ್ಟೂನುಗಳು ನನಗೆ ಹಿಡಿಸದಿರುವುದು ಇದೇ ಕಾರಣಕ್ಕೆ. ಓದುಗರ ಪಾಲಿನ ಅರ್ಧವನ್ನೂ ಅವರೇ ತಿಂದುಬಿಡುತ್ತಾರೆ.

2. ಯಾರು ಮಾತಾಡುತ್ತಿದ್ದಾರೆ, ಯಾರು ಸುಮ್ಮನಿದ್ದಾರೆ ನೋಡಿ

ಅಡಿಬರಹದಲ್ಲಿ ಸಾಮಾನ್ಯವಾಗಿ ಹೆಸರು ಇರುವುದಿಲ್ಲ. ಯಾರ ಬಾಯಿ ತೆರೆದಿದೆ, ಯಾರ ಕೈ ಎದ್ದಿದೆ ಎಂದು ಹುಡುಕಿ. ಮಾತು ಯಾರದು ಎಂದು ತಪ್ಪಾಗಿ ತಿಳಿದರೆ ಜೋಕು ತಲೆಕೆಳಗಾಗುತ್ತದೆ. ಆಮೇಲೆ ಮಾತಾಡದೆ ಇರುವವರ ಮುಖ ನೋಡಿ. ನನ್ನ ಲೆಕ್ಕದಲ್ಲಿ ಇದು ಎಲ್ಲಕ್ಕಿಂತ ಮುಖ್ಯವಾದ ಹಂತ.

ಇದನ್ನು ಕಲಿಯಲು ಆರ್. ಕೆ. ಲಕ್ಷ್ಮಣರಿಗಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಅಲ್ಲಿನ ಮಹಾರಾಜ ಕಾಲೇಜಿನಲ್ಲಿ ಓದಿದವರು. ಬೊಂಬಾಯಿಯ ಜೆ. ಜೆ. ಸ್ಕೂಲ್ ಆಫ್ ಆರ್ಟ್ ಅವರನ್ನು ಸೇರಿಸಿಕೊಳ್ಳಲಿಲ್ಲ. ಮುಂದೆ ಅದೇ ಊರಿನ ಟೈಮ್ಸ್ ಆಫ್ ಇಂಡಿಯಾದಲ್ಲಿ 1951ರಿಂದ ‘ಯೂ ಸೆಡ್ ಇಟ್’ ಎಂಬ ಪುಟ್ಟ ಚೌಕವನ್ನು ದಶಕಗಟ್ಟಲೆ ಬರೆದರು. ಆ ಚೌಕದ ಶ್ರೀಸಾಮಾನ್ಯ ಎಲ್ಲರಿಗೂ ಗೊತ್ತು. ಪಂಚೆ, ಚೌಕಳಿ ಕೋಟು, ಕನ್ನಡಕ, ಬೋಳು ತಲೆಯ ಪಕ್ಕದಲ್ಲಿ ಒಂದಿಷ್ಟು ಕೂದಲು. ಮೊದಮೊದಲು ಲಕ್ಷ್ಮಣರು ಬೇರೆ ಬೇರೆ ಪ್ರಾಂತ್ಯದ ಜನರನ್ನೆಲ್ಲ ಚಿತ್ರದಲ್ಲಿ ತುಂಬುತ್ತಿದ್ದರು. ದಿನಾ ಗಡುವಿನೊಳಗೆ ಮುಗಿಸಬೇಕಲ್ಲ, ಒಬ್ಬೊಬ್ಬರನ್ನೇ ಬಿಡುತ್ತಾ ಹೋಗಿ ಕೊನೆಗೆ ಉಳಿದವನು ಈ ಒಬ್ಬ.

ಅವನು ಮಾತಾಡುವುದಿಲ್ಲ. ಮಂತ್ರಿ ಮಾತಾಡುತ್ತಾನೆ, ಅಧಿಕಾರಿ ಮಾತಾಡುತ್ತಾನೆ, ಅವನ ಹೆಂಡತಿಯೂ ಮಾತಾಡುತ್ತಾಳೆ. ಅವನು ಹುಬ್ಬೇರಿಸಿಕೊಂಡು ಮೂಲೆಯಲ್ಲಿ ನಿಂತಿರುತ್ತಾನೆ. ಒಂದು ಪ್ರಯೋಗ ಮಾಡಿ ನೋಡಿ. ಲಕ್ಷ್ಮಣರ ಯಾವುದಾದರೂ ಚೌಕ ತೆಗೆದುಕೊಂಡು ಶ್ರೀಸಾಮಾನ್ಯನನ್ನು ಬೆರಳಿನಿಂದ ಮುಚ್ಚಿ. ಮಂತ್ರಿಯ ಮಾತು ಆಗಲೂ ಹಾಸ್ಯವಾಗಿಯೇ ಇರುತ್ತದೆ, ಆದರೆ ಸ್ವಲ್ಪ ಸಪ್ಪೆ. ಬೆರಳು ತೆಗೆಯಿರಿ. ಆ ಮಾತನ್ನು ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂದಾದ ಕೂಡಲೇ ಮಂತ್ರಿಯ ನಾಚಿಕೆಗೇಡು ಎದ್ದು ಕಾಣುತ್ತದೆ. ಚೌಕದ ಹೊರಗೆ ಪೇಪರ್ ಹಿಡಿದು ಸುಮ್ಮನೆ ಕೂತ ನಾವು ಚೌಕದ ಒಳಗೆ ಅವನ ಪಕ್ಕದಲ್ಲಿ ನಿಂತಿರುತ್ತೇವೆ.

3. ಹಿಂದಿನ ಕ್ಷಣ, ಮುಂದಿನ ಕ್ಷಣ

ಚಿತ್ರದ ಎಡಕ್ಕೂ ಬಲಕ್ಕೂ ಒಂದೊಂದು ಖಾಲಿ ಚೌಕ ಇದೆ ಎಂದುಕೊಳ್ಳಿ. ಎಡದ್ದರಲ್ಲಿ ಒಂದು ನಿಮಿಷ ಹಿಂದಿನದು, ಬಲದ್ದರಲ್ಲಿ ಒಂದು ನಿಮಿಷ ಮುಂದಿನದು. ಅಲ್ಲಿ ಏನಿರಬೇಕು ಎಂದು ಬಾಯಿಬಿಟ್ಟು ಹೇಳಿ.

ಭಾರತದ ಪತ್ರಿಕೆಗಳಲ್ಲಿ ಬಂದ ಚೌಕಗಳಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಅಬು ಅಬ್ರಹಾಂ ಅವರದು. 1975ರ ಡಿಸೆಂಬರ್, ತುರ್ತು ಪರಿಸ್ಥಿತಿಯ ಕಾಲ. ಪೇಪರುಗಳ ಮೇಲೆ ಸೆನ್ಸಾರ್ ಇತ್ತು. ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಒಂದು ಚಿತ್ರ ಬಂತು. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಸ್ನಾನದ ತೊಟ್ಟಿಯಲ್ಲಿದ್ದಾರೆ. ಅರ್ಧ ತೆರೆದ ಬಾಗಿಲಿನಿಂದ ಒಂದು ಕೈ ಒಳಗೆ ಬಂದಿದೆ. ಅವರು ಸಹಿ ಹಾಕಿದ ಕಾಗದವನ್ನು ಆ ಕೈಗೆ ಕೊಡುತ್ತಾ, ಇನ್ನೂ ಸುಗ್ರೀವಾಜ್ಞೆಗಳಿದ್ದರೆ ಸ್ವಲ್ಪ ಕಾಯಲು ಹೇಳಿ ಎನ್ನುತ್ತಿದ್ದಾರೆ.

ಎಡದ ಚೌಕದಲ್ಲಿ ಏನಿದೆ? ಯಾರೋ ಬಾಗಿಲು ತಟ್ಟಿದ್ದಾರೆ. ರಾಷ್ಟ್ರಪತಿಗಳು ಸ್ನಾನ ಮಾಡುತ್ತಿದ್ದಾರೆ ಎಂದು ಗೊತ್ತಿದ್ದೂ ತಟ್ಟಿದ್ದಾರೆ. ಕಾಗದ ಓದುವ ಮಾತೇ ಇಲ್ಲ, ಒದ್ದೆ ಕೈಯಲ್ಲಿ ಸಹಿ. ಬಲದ ಚೌಕದಲ್ಲಿ? ಇನ್ನೊಂದು ಕಾಗದ ಬರುತ್ತದೆ, ಅದಕ್ಕೂ ಸಹಿ ಬೀಳುತ್ತದೆ. ಸರ್ಕಾರವನ್ನು ಬೈಯುವ ಒಂದು ಪದವೂ ಅಲ್ಲಿಲ್ಲ. ಆದರೂ ಆ ಕಾಲದಲ್ಲಿ ಅಧಿಕಾರ ಎಲ್ಲಿತ್ತು, ಹೇಗೆ ನಡೆಯುತ್ತಿತ್ತು ಎಂಬುದನ್ನು ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಚೆನ್ನಾಗಿ ಹೇಳಿದ್ದು ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಬಾಗಿಲಿನಿಂದ ಬಂದ ಆ ಕೈಯ ಒಡೆಯ ಯಾರು ಎಂದು ಚಿತ್ರ ಹೇಳುವುದಿಲ್ಲ. ಅಂದಿನ ಓದುಗರಿಗೆ ಹೇಳಬೇಕಾಗಿಯೂ ಇರಲಿಲ್ಲ.

4. ಮಾತನ್ನೂ ಚಿತ್ರವನ್ನೂ ಬೇರೆ ಮಾಡಿ, ಅದಲು ಬದಲು ಮಾಡಿ

ಈಗ ಒಂದು ಪರೀಕ್ಷೆ. ಅಡಿಬರಹವನ್ನು ಮಾತ್ರ ಪಕ್ಕದವರಿಗೆ ಓದಿ ಹೇಳಿ. ಅವರು ನಕ್ಕರೆ ಅದು ಜೋಕು, ಚಿತ್ರ ಬರೀ ಅಲಂಕಾರ. ಅವರು ‘ಅದಕ್ಕೇನು?’ ಎಂದು ಕೇಳಿ, ಚಿತ್ರ ತೋರಿಸಿದ ಮೇಲೆ ನಕ್ಕರೆ ಅದು ನಿಜವಾದ ಒಂದೇ ಚೌಕದ ಕಾರ್ಟೂನ್.

ಇದಕ್ಕೆ ಅಮೆರಿಕದಲ್ಲಿ ನಡೆದ ಒಂದು ಘಟನೆ ಬಹಳ ಚೆನ್ನಾಗಿದೆ. ಅಲ್ಲಿನ ಡೇಟನ್ ಡೈಲಿ ನ್ಯೂಸ್ ಪತ್ರಿಕೆಯಲ್ಲಿ ಎರಡು ಚೌಕಗಳು ಅಕ್ಕಪಕ್ಕದಲ್ಲಿ ಬರುತ್ತಿದ್ದವು. ಒಂದು ಹ್ಯಾಂಕ್ ಕೆಚಮ್ ಅವರ ತುಂಟ ಹುಡುಗ ಡೆನಿಸ್, ಇನ್ನೊಂದು ಗ್ಯಾರಿ ಲಾರ್ಸನ್ ಅವರ ‘ದಿ ಫಾರ್ ಸೈಡ್’. ಒಂದು ದಿನ ಎರಡರ ಅಡಿಬರಹಗಳು ಅದಲು ಬದಲಾಗಿ ಅಚ್ಚಾದವು. ಲಾರ್ಸನ್ ಚಿತ್ರದಲ್ಲಿ ಹಾವಿನ ಸಂಸಾರ ಊಟಕ್ಕೆ ಕೂತಿದೆ. ‘ಅಯ್ಯೋ, ಇವತ್ತೂ ಹ್ಯಾಮ್‌ಸ್ಟರಾ!’ ಎಂದು ಮರಿ ಗೊಣಗಬೇಕು. ಹ್ಯಾಮ್‌ಸ್ಟರ್ ಅಂದರೆ ಅಲ್ಲಿನವರು ಮನೆಯಲ್ಲಿ ಸಾಕುವ ಇಲಿಯಂಥ ಪ್ರಾಣಿ. ಆ ಮಾತು ಸ್ಯಾಂಡ್‌ವಿಚ್ ತಿನ್ನುವ ಡೆನಿಸ್‌ನ ಕೆಳಗೆ ಬಂತು. ಕಡಲೆಕಾಯಿ ಬೆಣ್ಣೆಯ ಸ್ಯಾಂಡ್‌ವಿಚ್ ಮಾಡಲು ಕಲಿತದ್ದರಿಂದ ಬದುಕಿದೆವು, ಇಲ್ಲದಿದ್ದರೆ ಉಪವಾಸ ಸಾಯುತ್ತಿದ್ದೆವು ಎಂಬ ಡೆನಿಸ್‌ನ ಮಾತು ಹಾವುಗಳ ಕೆಳಗೆ ಹೋಯಿತು. ಎರಡೂ ಮೊದಲಿಗಿಂತ ಚೆನ್ನಾದವು!

ಯಾಕೆ ಹೀಗೆ? ಚಿತ್ರಕ್ಕೂ ಮಾತಿಗೂ ನಡುವೆ ಇದ್ದ ಅಂತರ ದೊಡ್ಡದಾಯಿತು. ನೋಡುವವರ ಮನಸ್ಸು ಸ್ವಲ್ಪ ಜಾಸ್ತಿ ಜಿಗಿಯಬೇಕಾಯಿತು. ಇದನ್ನು ನೀವೂ ಮಾಡಬಹುದು. ಎರಡು ಪೇಪರುಗಳ ಕಾರ್ಟೂನು ಕತ್ತರಿಸಿ, ಒಂದರ ಮಾತನ್ನು ಇನ್ನೊಂದರ ಕೆಳಗೆ ಇಡಿ. ಹೆಚ್ಚಿನ ಸಲ ಏನೂ ಆಗುವುದಿಲ್ಲ. ಯಾವಾಗಲಾದರೊಮ್ಮೆ ಕೂಡಿಬಂದರೆ ಮನೆಯವರೆಲ್ಲ ನಗುತ್ತಾರೆ. ಮಕ್ಕಳಿಗಂತೂ ಇದು ಒಳ್ಳೆಯ ಆಟ.

5. ಕೊನೆಯ ಪದ ಯಾವುದು?

ಅಡಿಬರಹವನ್ನು ಗಟ್ಟಿಯಾಗಿ ಓದಿ. ತಿರುವು ಎಷ್ಟನೇ ಪದದಲ್ಲಿದೆ ನೋಡಿ. ಒಳ್ಳೆಯದರಲ್ಲಿ ಅದು ಕೊನೆಗೇ ಇರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ನಮ್ಮ ಕಾರ್ಟೂನಿಸ್ಟರಿಗೆ ಇದು ವರ. ನಮ್ಮ ಗುಮಾಸ್ತನ ಮಾತು ‘ಅವರನ್ನೇ ಕರ್ಕೊಂಡು ಬನ್ನಿ’ ಎಂದು ಮುಗಿಯುತ್ತದೆ. ಆಮೇಲೆ ‘ಜೊತೆಗೆ ಎರಡು ಫೋಟೊ ತನ್ನಿ’ ಎಂದು ಸೇರಿಸಿ ನೋಡಿ. ಏಟು ಮೆತ್ತಗಾಯಿತು, ಅಲ್ವಾ?

ಮಾತಿನ ಧಾಟಿಯನ್ನೂ ಕೇಳಿಸಿಕೊಳ್ಳಿ. ಗುಮಾಸ್ತ ‘ಕರೆದುಕೊಂಡು ಬರತಕ್ಕದ್ದು’ ಎಂದರೆ ಅವನು ಕಾಗದ ಓದುತ್ತಿದ್ದಾನೆ. ‘ಕರ್ಕೊಂಡು ಬನ್ನಿ’ ಎಂದರೆ ಅವನಿಗೆ ನಿಜವಾಗಿಯೂ ಸಂತೋಷವಾಗಿದೆ, ತಾನು ಉಪಕಾರ ಮಾಡುತ್ತಿದ್ದೇನೆ ಎಂದೇ ನಂಬಿದ್ದಾನೆ. ಎರಡನೆಯದು ಹೆಚ್ಚು ನೋಯಿಸುತ್ತದೆ. ಧಾರವಾಡದ ಗುಮಾಸ್ತನಾದರೆ ‘ಕರ್ಕೊಂಡ್ ಬರ್ರಿ’ ಎನ್ನಬೇಕು. ಊರು ಯಾವುದು ಎಂದು ಅಷ್ಟರಲ್ಲೇ ಗೊತ್ತಾಗುತ್ತದೆ.

6. ತಾರೀಖು ನೋಡಿ

ಪೇಪರಿನ ಚೌಕ ಆ ದಿನದ ಸುದ್ದಿಗೆ ಅಂಟಿಕೊಂಡಿರುತ್ತದೆ. ಒಂದು ಕಾಲಂ ಅಗಲದ ‘ಪಾಕೆಟ್ ಕಾರ್ಟೂನ್’ ಹುಟ್ಟಿದ್ದೇ ಹಾಗೆ. ಇಂಗ್ಲೆಂಡಿನಲ್ಲಿ 1939ರಲ್ಲಿ ಡೈಲಿ ಎಕ್ಸ್‌ಪ್ರೆಸ್‌ಗಾಗಿ ಆಸ್ಬರ್ಟ್ ಲ್ಯಾಂಕಾಸ್ಟರ್ ಅದನ್ನು ಶುರು ಮಾಡಿದರು. ಪ್ರಜಾವಾಣಿಯ ‘ಚಿನಕುರಳಿ’ ಓದುವವರಿಗೂ ಇದು ಗೊತ್ತು. ನಿನ್ನೆಯ ಸುದ್ದಿ ಓದದೆ ಇವತ್ತಿನ ಚಿನಕುರಳಿ ನೋಡಿದರೆ ಕೆಲವು ಸಲ ತಲೆಬುಡ ತಿಳಿಯುವುದಿಲ್ಲ. ಆದ್ದರಿಂದ ಮೊದಲು ಮುಖಪುಟದ ತಲೆಬರಹಗಳನ್ನು ಓದಿ, ಆಮೇಲೆ ಕಾರ್ಟೂನಿಗೆ ಬನ್ನಿ.

ಹಳೆಯ ಕಾರ್ಟೂನ್ ಆದರೆ ತಾರೀಖು ಇನ್ನೂ ಮುಖ್ಯ. ಡೇವಿಡ್ ಲೋ ಅವರ ಒಂದು ಚಿತ್ರ ಲಂಡನ್ನಿನ ಈವನಿಂಗ್ ಸ್ಟ್ಯಾಂಡರ್ಡ್‌ನಲ್ಲಿ 1939ರ ಸೆಪ್ಟೆಂಬರ್ 20ರಂದು ಬಂತು. ಹಿಟ್ಲರ್ ಮತ್ತು ಸ್ಟಾಲಿನ್ ಎದುರೆದುರು ನಿಂತು, ಟೋಪಿ ತೆಗೆದು, ಬಾಗಿ ನಮಸ್ಕರಿಸುತ್ತಿದ್ದಾರೆ. ‘ಭೂಮಿಯ ಕೊಳಕು ತಾವೇ ಅಲ್ಲವೇ?’ ಎಂದು ಒಬ್ಬ. ‘ಕಾರ್ಮಿಕರ ಕೊಲೆಗಡುಕರು ತಾವೇ ಇರಬೇಕು?’ ಎಂದು ಇನ್ನೊಬ್ಬ. ಇಬ್ಬರ ನಡುವೆ ನೆಲದ ಮೇಲೆ ಒಂದು ಹೆಣ. ತಾರೀಖು ಗೊತ್ತಿಲ್ಲದಿದ್ದರೂ ಇದು ತಮಾಷೆಯೇ. ಆದರೆ ಲೆಕ್ಕ ಹಾಕಿ. ಆಗಸ್ಟ್‌ನಲ್ಲಿ ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದರು. ಸೆಪ್ಟೆಂಬರ್ 1ಕ್ಕೆ ಜರ್ಮನಿ, 17ಕ್ಕೆ ರಷ್ಯಾ ಪೋಲೆಂಡಿಗೆ ನುಗ್ಗಿದ್ದವು. ಚಿತ್ರ ಬಂದದ್ದು ಮೂರು ದಿನ ಕಳೆದ ಮೇಲೆ. ಆ ಹೆಣ ಯಾರದೆಂದು ಈಗ ಗೊತ್ತಾಗುತ್ತದೆ. ಎರಡನೇ ಹಂತದಲ್ಲಿ ಹೇಳಿದ ಹಾಗೆ ಇಲ್ಲೂ ಮಾತಾಡದೆ ಇರುವವರೇ ಮುಖ್ಯ.

ಈ ಲೋ ಅವರ ಚಿತ್ರಗಳು ಆಗಾಗ ಹಿಂದೂ ಪತ್ರಿಕೆಯಲ್ಲಿ ಬರುತ್ತಿದ್ದವು. ಹುಡುಗನಾಗಿದ್ದ ಲಕ್ಷ್ಮಣರು ಮೈಸೂರಿನಲ್ಲಿ ಅವನ್ನು ನೋಡಿಯೇ ಕಲಿತದ್ದು. ಲೋ ಅವರ ಇಂಗ್ಲಿಷ್ ಸಹಿಯನ್ನು ಬಹಳ ಕಾಲ ‘ಕೌ’ ಎಂದೇ ಓದಿಕೊಂಡಿದ್ದರಂತೆ.

7. ಏಟು ಯಾರಿಗೆ ಬಿತ್ತು?

ನಕ್ಕಾದ ಮೇಲೆ ಈ ಪ್ರಶ್ನೆ ಕೇಳಿಕೊಳ್ಳಿ. ನಮ್ಮ ಉದಾಹರಣೆಯಲ್ಲಿ ನಾವು ನಕ್ಕಿದ್ದು ಅಪ್ಪನನ್ನು ಕಳೆದುಕೊಂಡವನನ್ನು ನೋಡಿ ಅಲ್ಲ. ವರ್ಷಗಟ್ಟಲೆ ಕಾಗದ ತಿರುಗಿಸಿದ ವ್ಯವಸ್ಥೆಯನ್ನು ನೋಡಿ. ಅದೇ ಚಿತ್ರದಲ್ಲಿ ಬೋಳು ತಲೆಯವನನ್ನು ಪೆದ್ದನ ಹಾಗೆ ಬರೆದರೆ ಏಟು ಅವನ ಮೇಲೆ ಬೀಳುತ್ತದೆ. ಗೆರೆ ಸ್ವಲ್ಪ ಆಚೀಚೆ ಆದರೂ ಸಾಕು, ಕಾರ್ಟೂನಿನ ಮನಸ್ಸೇ ಬದಲಾಗುತ್ತದೆ.

ಪ್ರಜಾವಾಣಿಯಲ್ಲಿ ಪಿ. ಮಹಮ್ಮದ್ ಅವರ ಚೌಕಗಳನ್ನು ವರ್ಷಗಟ್ಟಲೆ ನೋಡಿದವರಿಗೆ ಈ ಎಚ್ಚರ ಅಂದರೆ ಏನೆಂದು ಗೊತ್ತಿರುತ್ತದೆ. ಕುಂದಾಪುರದ ಸತೀಶ್ ಆಚಾರ್ಯ ಅವರ ಚಿತ್ರಗಳನ್ನೂ ಇದೇ ಪ್ರಶ್ನೆ ಇಟ್ಟುಕೊಂಡು ನೋಡಿ. ಬಡವರ ಬಟ್ಟೆ, ಹೆಂಗಸರ ಮೈಕಟ್ಟು, ಮೈಬಣ್ಣ, ಯಾರದೋ ಉಚ್ಚಾರಣೆ ಇಷ್ಟನ್ನೇ ನೆಚ್ಚಿಕೊಂಡ ಹಾಸ್ಯ ನಮ್ಮ ಪತ್ರಿಕೆಗಳಲ್ಲೂ ಬೇಕಾದಷ್ಟು ಬಂದಿದೆ. ಅದಕ್ಕೆ ನಗು ಬಾರದಿದ್ದರೆ ನಿಮಗೆ ಹಾಸ್ಯಪ್ರಜ್ಞೆ ಇಲ್ಲ ಎಂದು ಅಂದುಕೊಳ್ಳಬೇಡಿ.

8. ಅರ್ಥವೇ ಆಗದಿದ್ದರೆ

ಮೊದಲು ಸುದ್ದಿ ಗೊತ್ತೇ ನೋಡಿ, ಆಮೇಲೆ ಚಿತ್ರದ ಮೂಲೆ ಮೂಲೆ ನೋಡಿ. ಗೋಡೆಯ ಕ್ಯಾಲೆಂಡರ್, ಬಾಗಿಲ ಮೇಲಿನ ಬೋರ್ಡು, ಹಿಂದೆ ನಿಂತ ನಾಯಿ. ಆದರೂ ತಿಳಿಯದಿದ್ದರೆ ಬಿಟ್ಟುಬಿಡಿ. ತಪ್ಪು ಯಾವಾಗಲೂ ಓದುಗರದ್ದೇ ಆಗಿರುವುದಿಲ್ಲ.

1982ರಲ್ಲಿ ಗ್ಯಾರಿ ಲಾರ್ಸನ್ ಒಂದು ಹಸುವನ್ನು ಬರೆದರು. ಅದರ ಮುಂದೆ ಒಂದು ಮೇಜು, ಮೇಜಿನ ಮೇಲೆ ನಾಲ್ಕು ವಿಚಿತ್ರ ವಸ್ತುಗಳು. ಕೆಳಗೆ ‘ಹಸುವಿನ ಉಪಕರಣಗಳು’ ಎಂದಷ್ಟೇ ಇತ್ತು. ಓದುಗರ ಪತ್ರಗಳು, ಫೋನ್ ಕರೆಗಳು ಶುರುವಾದವು. ಕೊನೆಗೆ ಲಾರ್ಸನ್ ವಿವರಣೆಯನ್ನೇ ಕೊಡಬೇಕಾಯಿತು. ಹಸುಗಳು ಉಪಕರಣ ಮಾಡಿದರೆ ಅವು ಒಡ್ಡೊಡ್ಡಾಗಿ ಇರುತ್ತವೆ, ಇದ್ದ ಜೋಕು ಅಷ್ಟೇ. ಆದರೆ ನಾಲ್ಕರಲ್ಲಿ ಒಂದು ಗರಗಸದ ಹಾಗೆ ಕಾಣುತ್ತಿತ್ತು. ಅದೊಂದು ಗೊತ್ತಾಯಿತಲ್ಲ, ಉಳಿದ ಮೂರು ಏನಿರಬಹುದು ಎಂದು ಜನ ಹುಡುಕತೊಡಗಿದರು. ಒಂದೇ ಚೌಕದಲ್ಲಿ ಸುಳಿವು ಎಂಥ ಕೆಲಸ ಮಾಡುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಸುಳಿವಿನಂತೆ ಕಾಣುವ ಯಾವುದನ್ನು ಇಟ್ಟರೂ ಓದುಗರು ಅದರ ಹಿಂದೆ ಹೋಗಿಯೇ ಹೋಗುತ್ತಾರೆ.

9. ನೀವೇ ಒಂದು ಸಾಲು ಬರೆಯಿರಿ

ವಾರಕ್ಕೊಂದು ಸಲ ಮೊದಲ ಹಂತದ ಚೀಟಿಯನ್ನು ತೆಗೆಯಬೇಡಿ. ಅದರ ಮೇಲೆಯೇ ನಿಮ್ಮ ಅಡಿಬರಹ ಬರೆಯಿರಿ. ಚಿತ್ರದಲ್ಲಿ ಕಾಣುವುದನ್ನು ಮತ್ತೆ ಹೇಳಬೇಡಿ. ಹತ್ತು ಹನ್ನೆರಡು ಪದ ಮೀರಬೇಡಿ. ಮೊದಲು ಹೊಳೆದದ್ದನ್ನು ಪಕ್ಕಕ್ಕಿಡಿ, ಯಾಕೆಂದರೆ ಅದು ಎಲ್ಲರಿಗೂ ಹೊಳೆದಿರುತ್ತದೆ. ಬರೆದಾದ ಮೇಲೆ ಚೀಟಿ ಎತ್ತಿ, ಕಾರ್ಟೂನಿಸ್ಟರ ಸಾಲಿನ ಪಕ್ಕ ಇಟ್ಟು ನೋಡಿ. ಅವರು ಎಷ್ಟು ಪದ ಬಿಟ್ಟಿದ್ದಾರೆ ಎಂಬುದು ಆಗ ಗೊತ್ತಾಗುತ್ತದೆ.

ಬರೆಯುವ ಆಸೆ ಬಲಿತರೆ ಹಳೆಯ ‘ಕೊರವಂಜಿ’ ಸಂಚಿಕೆಗಳನ್ನು ಹುಡುಕಿ ಓದಿ. ಡಾ. ಎಂ. ಶಿವರಾಂ, ಅಂದರೆ ನಮ್ಮ ‘ರಾಶಿ’, 1942ರಲ್ಲಿ ಶುರು ಮಾಡಿದ ಹಾಸ್ಯ ಪತ್ರಿಕೆ ಅದು. ಲಕ್ಷ್ಮಣರು ಎಳೆಯ ವಯಸ್ಸಿನಲ್ಲಿ ಅದಕ್ಕೆ ಚಿತ್ರ ಬರೆದಿದ್ದಾರೆ.

10. ಕತ್ತರಿಸಿ ಇಟ್ಟುಕೊಳ್ಳಿ

ಇಷ್ಟವಾದ ಚೌಕವನ್ನು ಕತ್ತರಿಸಿ ಒಂದು ನೋಟ್‌ಬುಕ್ಕಿನಲ್ಲಿ ಅಂಟಿಸಿ. ಪುಟಕ್ಕೆ ಒಂದೇ ಸಾಕು. ಪಕ್ಕದಲ್ಲಿ ಪೇಪರಿನ ಹೆಸರು, ತಾರೀಖು, ಆ ದಿನದ ಸುದ್ದಿ ಒಂದು ಸಾಲಿನಲ್ಲಿ. ಸುದ್ದಿಯ ಸಾಲನ್ನು ಮಾತ್ರ ತಪ್ಪಿಸಬೇಡಿ. ಐದು ವರ್ಷ ಕಳೆದ ಮೇಲೆ ನಿಮಗೇ ಅದು ನೆನಪಿರುವುದಿಲ್ಲ. ಪೇಪರ್ ಬೇಗ ಹಳದಿ ಆಗುತ್ತದೆ, ಆದ್ದರಿಂದ ಮೊಬೈಲಿನಲ್ಲೂ ಒಂದು ಫೋಟೊ ತೆಗೆದಿಡಿ.

ಬೆಂಗಳೂರಿಗೆ ಹೋದಾಗ ಬಿಡುವು ಮಾಡಿಕೊಂಡು ಎಂ. ಜಿ. ರಸ್ತೆಯ ಕೊನೆಗೆ, ಟ್ರಿನಿಟಿ ಸರ್ಕಲ್ ಹತ್ತಿರ ಇರುವ ಇಂಡಿಯನ್ ಕಾರ್ಟೂನ್ ಗ್ಯಾಲರಿಗೆ ಹೋಗಿ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಾರ್ಟೂನಿಸ್ಟ್ಸ್ ನಡೆಸುವ ಜಾಗ ಅದು. ಅಲ್ಲಿ ಚಿತ್ರಗಳು ಪೇಪರಿನದಕ್ಕಿಂತ ದೊಡ್ಡದಾಗಿ ಕಾಣುತ್ತವೆ. ಗೆರೆ ಎಲ್ಲಿ ದಪ್ಪವಾಗಿದೆ, ಹುಬ್ಬು ಎಲ್ಲಿ ಏರಿದೆ ಎಂದು ನಿಧಾನವಾಗಿ ನೋಡಬಹುದು. ಒಳಗೆ ಹೋಗುವ ಮುಂಚೆ ಜೇಬಿನಲ್ಲಿ ಚೀಟಿ ಇದೆಯೇ ನೋಡಿಕೊಳ್ಳಿ. ಚೌಕಟ್ಟಿಗೆ ತಾಗದ ಹಾಗೆ ಕಣ್ಣಿನ ಮುಂದೆ ಅಡ್ಡ ಹಿಡಿದರೆ ಅಲ್ಲೂ ಅಡಿಬರಹ ಮುಚ್ಚಬಹುದು.